ಎಲ್ಲರೂ ಹೊಲಿಗೆ ನೋಡಿದರು

ಹೆರಿಗೆಗೆ ಮುಂಚೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಭಯ: ಸಿಜೇರಿಯನ್ ಆಗಿಬಿಟ್ಟರೆ ಹೇಗೆ?

ಭಯಕ್ಕೆ ಕಾರಣವೂ ಇತ್ತು. ಅದು 2024ರ ನವೆಂಬರ್. ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಸುದ್ದಿ ಟೀವಿಯಲ್ಲಿ ದಿನವಿಡೀ ಓಡುತ್ತಿತ್ತು. ಡ್ರಿಪ್ಪಿಗೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು, ಪಶ್ಚಿಮ ಬಂಗಾಳದ ಕಂಪನಿಯೊಂದರಿಂದ ಬಂದಿದ್ದ ಬಾಟಲಿಗಳನ್ನು ಬಳಸದಂತೆ ಸರ್ಕಾರ ತಡೆಯಿತು. ನನ್ನ ತವರು ಜಗಳೂರು ತಾಲ್ಲೂಕಿನ ಹಳ್ಳಿ. ನಮ್ಮ ಕಡೆಯವರಿಗೆ ಬಳ್ಳಾರಿ ಸೀಮೆ ಹೆಣ್ಣು ಕೊಟ್ಟು ತರುವ ಸೀಮೆ. ಟೀವಿ ನೋಡಿ ಅವ್ವ ಅನ್ನ ಬಿಟ್ಟು ಎದ್ದಳು. "ಯಾವ ಆಸ್ಪತ್ರೆಗಾದ್ರೂ ಹೋಗಾನ, ಕೊಯ್ಯಾಕೆ ಮಾತ್ರ ಒಪ್ಪಬ್ಯಾಡವ್ವ" ಎಂದು ನನ್ನ ಕೈ ಹಿಡಿದು ಹೇಳಿದಳು.

ದೊಡ್ಡಮ್ಮನ ವಾದ ಬೇರೆ. "ಈಗ ಎಲ್ಲಾರಿಗೂ ಕೊಯ್ದೇ ತೆಗೀತಾರೆ, ರೊಕ್ಕದ ಆಸೆ." ಅವಳ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಜೇರಿಯನ್. ಇಡೀ ದೇಶದ ಲೆಕ್ಕ ಶೇ 21.5. ಅದರಲ್ಲೂ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3 ಇದ್ದರೆ ಖಾಸಗಿಯಲ್ಲಿ ಶೇ 47.4. ಇಷ್ಟು ವ್ಯತ್ಯಾಸ ಕಂಡಾಗ ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ಮನೆಯವರ ಅನುಮಾನವೆಲ್ಲ ಕತ್ತರಿಯ ಮೇಲೇ ಕೂತಿದ್ದರಿಂದ, ನನ್ನ ಕೈಕಾಲಿನ ಕಡೆ ಯಾರ ಗಮನವೂ ಹೋಗಲಿಲ್ಲ.

ಕುಬಸದ ದಿನ ಹಸಿರು ಬಳೆ ಇಡಿಸುವಾಗ ಮದುವೆಯ ಅಳತೆಯ ಬಳೆ ಏರಲಿಲ್ಲ. ಸೋಪು ಹಚ್ಚಿ ಒತ್ತಿದರೂ ಹೆಬ್ಬೆರಳ ಬುಡದಲ್ಲಿ ಸಿಕ್ಕಿಕೊಂಡು ಒಂದೆರಡು ಒಡೆದವು. ಬಳೆ ಒಡೆದದ್ದು ಒಳ್ಳೆಯದಲ್ಲ ಎಂದು ಅವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. "ಕೈ ಯಾಕೆ ಹಿಂಗೆ ಊದೈತೆ ತಾಯಿ?" ಎಂದು ಕೇಳಿದವನು ಬಳೆಗಾರ ಅಜ್ಜ ಒಬ್ಬನೇ. ಬಸುರಿಗೆ ಕಾಲು ಊದುವುದು ಇದ್ದದ್ದೇ ಎಂದು ಹೆಂಗಸರೆಲ್ಲ ಸೇರಿ ಅವನ ಬಾಯಿ ಮುಚ್ಚಿಸಿದರು. ಸಂಜೆ ಹೊತ್ತಿಗೆ ಕಾಲು ಊದುವುದು ಇದ್ದದ್ದೇ, ನಿಜ. ಬೆಳಿಗ್ಗೆ ಎದ್ದಾಗಲೇ ಮುಖ ಉಬ್ಬಿರುವುದು, ಕೈಬೆರಳ ಉಂಗುರ ಬಿಗಿಯುವುದು, ಒಂದೇ ವಾರದಲ್ಲಿ ತೂಕ ಧುತ್ತನೆ ಏರುವುದು ಬೇರೆ. ಇದನ್ನು ಆಮೇಲೆ ವಾರ್ಡಿನಲ್ಲಿ ಕಲಿತೆ.

ನಮ್ಮೂರ ಆಶಾ ಕಾರ್ಯಕರ್ತೆಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ತವರಿಗೆ ಬಂದ ಮೇಲೆ ತಾಯಿ ಕಾರ್ಡು ನೋಡಿದ ಅವರು, ಡಿಸೆಂಬರ್ 9ಕ್ಕೆ ಜಗಳೂರಿಗೆ ಬರಲೇಬೇಕು ಎಂದು ಪಟ್ಟು ಹಿಡಿದರು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಉಚಿತವಾಗಿ ತಪಾಸಣೆ ಮಾಡುತ್ತಾರೆ. 2016ರಿಂದ ನಡೆದುಕೊಂಡು ಬಂದಿದೆ. ಅಪ್ಪ ಮೆಕ್ಕೆಜೋಳದ ಚೀಲ ಹೊಲಿಸುವ ಗಡಿಬಿಡಿಯಲ್ಲಿದ್ದರು. "ದಾವಣಗೆರೇಲಿ ಸ್ಕ್ಯಾನಿಂಗ್ ಆಗೈತಲ್ಲ, ಮತ್ಯಾಕೆ?" ಎಂದರು. ಅಕ್ಕ ಜಗ್ಗಲಿಲ್ಲ.

ಸಾಲಿನಲ್ಲಿ ಕೂತು, ನನ್ನ ಸರದಿ ಬಂದು, ನರ್ಸ್ ತೋಳಿಗೆ ಪಟ್ಟಿ ಸುತ್ತಿದರು. ನೋಡಿದರು. ಏನೂ ಹೇಳದೆ ಎಡಮಗ್ಗುಲಿಗೆ ಮಲಗಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ಬಿಪಿ 150/100. ಮೂತ್ರದಲ್ಲಿ ಅದ್ದಿದ ಕಡ್ಡಿ ಹಸಿರಾಯಿತು. ಅಲ್ಬುಮಿನ್ ಎಂಬ ಪ್ರೋಟೀನ್ ಎರಡು ಪ್ಲಸ್. ಡಾಕ್ಟರಮ್ಮ ಬಂದು ಮೂರು ಪ್ರಶ್ನೆ ಕೇಳಿದರು: "ತಲೆನೋವು ಇದೆಯಾ? ಕಣ್ಣು ಮಂಜು ಆಗುತ್ತಾ? ಹೊಟ್ಟೆಯ ಮೇಲ್ಭಾಗ, ಪಕ್ಕೆಲುಬಿನ ಕೆಳಗೆ ನೋವು ಬರುತ್ತಾ?" ಮೂರಕ್ಕೂ ಇಲ್ಲ ಎಂದೆ. "ಈಗ ಇಲ್ಲ. ಬಂದರೆ ಆ ಕ್ಷಣ ಹೇಳಬೇಕು, ಮಧ್ಯರಾತ್ರಿಯಾದರೂ" ಎಂದು ತಾಯಿ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸಿ, ದಾವಣಗೆರೆಗೆ ಬರೆದುಕೊಟ್ಟರು. "ಇವತ್ತೇ ಹೋಗಿ. ನಾಳೆ ಅನ್ನಬೇಡಿ."

ಬಿಳಿಚೋಡು ದಾಟುವವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅವ್ವ, "ಹೋದ ತಕ್ಷಣ ಕೊಯ್ತಾರೇನೋ" ಎಂದಳು.

ಹೋದ ತಕ್ಷಣ ಯಾರೂ ಕೊಯ್ಯಲಿಲ್ಲ. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಮಂಚ ಸಿಕ್ಕಿತು. ಬಿಪಿಗೆ ಲ್ಯಾಬಿಟಲಾಲ್ ಮಾತ್ರೆ ಶುರುವಾಯಿತು. ಆಗ ನನಗೆ 33 ವಾರ ತುಂಬುತ್ತಿತ್ತು. ರೌಂಡ್ಸಿಗೆ ಬಂದ ಡಾಕ್ಟರು ಸರಳವಾಗಿ ಬಿಡಿಸಿ ಹೇಳಿದರು. ಐದು ತಿಂಗಳು ಕಳೆದ ಮೇಲೆ ಬಿಪಿ 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಹೋಗುವುದಕ್ಕೆ ಪ್ರೀ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ತೊಂದರೆಯ ಮೂಲ ಮಾಸು. ಅದಕ್ಕೆ ರಕ್ತ ಒಯ್ಯುವ ನಾಳಗಳು ಮೊದಲ ತಿಂಗಳುಗಳಲ್ಲೇ ಸರಿಯಾಗಿ ಅಗಲವಾಗಿರುವುದಿಲ್ಲ. ಅದರಿಂದ ಮಗುವಿಗೆ ಪೋಷಣೆ ಕಡಿಮೆ, ತಾಯಿಗೆ ಮೂತ್ರಪಿಂಡ, ಲಿವರ್, ಮಿದುಳು ಎಲ್ಲಕ್ಕೂ ಅಪಾಯ. ಬಿಪಿ ಮಾತ್ರೆ ರೋಗ ವಾಸಿ ಮಾಡುವುದಿಲ್ಲ, ಪಾರ್ಶ್ವವಾಯು ಹೊಡೆಯದಂತೆ ಕಾಯುತ್ತದೆ ಅಷ್ಟೆ. ಮಗು, ಮಾಸು ಹೊರಗೆ ಬಂದ ಮೇಲೆಯೇ ಇದು ಇಳಿಯಲು ಶುರುವಾಗುವುದು. ಹಾಗಂತ ಈಗಲೇ ಹೆರಿಗೆ ಮಾಡಿಸಿದರೆ ಮಗುವಿನ ಶ್ವಾಸಕೋಶ ಇನ್ನೂ ಹಸಿ. "ನಿನಗೆ ಎಷ್ಟು ದಿನ ತಡೆಯೋಕಾಗುತ್ತೋ ಅಷ್ಟು ದಿನ ಮಗುವಿಗೆ ಲಾಭ. ಆದರೆ ನಿನ್ನ ಜೀವ ಒತ್ತೆ ಇಟ್ಟು ತಡೆಯಲ್ಲ" ಎಂದರು.

ಮಗುವಿನ ಶ್ವಾಸಕೋಶ ಬಲಿಯಲೆಂದು ನನಗೆ ಡೆಕ್ಸಾಮೆಥಸೋನ್ ಚುಚ್ಚುಮದ್ದು ಕೊಟ್ಟರು. 6 ಮಿಲಿಗ್ರಾಂನಂತೆ ಹನ್ನೆರಡು ಗಂಟೆಗೊಂದು, ಒಟ್ಟು ನಾಲ್ಕು. 34 ವಾರಕ್ಕೆ ಮುಂಚೆ ಹೆರಿಗೆ ಆಗಬಹುದು ಎನ್ನಿಸಿದರೆ ಕೊಡುವ ಅಗ್ಗದ ಮದ್ದು ಇದು. ಮುಂದೆ ಮಗಳು ಉಸಿರಾಡಿದ್ದರಲ್ಲಿ ಇದರ ಪಾಲು ಎಷ್ಟೆಂದು ಬೇಬಿ ವಾರ್ಡಿನ ಡಾಕ್ಟರು ಹೇಳಿದಾಗ, ಜಗಳೂರಿಗೆ ಎಳೆದುಕೊಂಡು ಹೋದ ಅಕ್ಕನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ವಾರ್ಡಿನ ದಿನಗಳು ಬೇಸರದವು. ನಾಲ್ಕು ಗಂಟೆಗೊಮ್ಮೆ ಬಿಪಿ, ದಿನಕ್ಕೊಮ್ಮೆ ತೂಕ, ಮಗುವಿನ ಎದೆಬಡಿತ ನೋಡುವ ಪರೀಕ್ಷೆ ಎನ್‌ಎಸ್‌ಟಿ, ಮಗು ಒದ್ದ ಲೆಕ್ಕ. ಸ್ಕ್ಯಾನಿಂಗಿನಲ್ಲಿ ಮಗು ವಾರಕ್ಕೆ ತಕ್ಕಷ್ಟು ಬೆಳೆದಿಲ್ಲ ಎಂದು ಬಂತು. ಸಪ್ಪೆ ಊಟ ಕೊಡಬೇಕೇನೋ ಎಂದು ಅತ್ತೆ ಉಪ್ಪಿಲ್ಲದ ಸಾರು ಕಟ್ಟಿಕೊಂಡು ಬಂದರು. ಉಪ್ಪು ಬಿಟ್ಟರೆ ಈ ಬಿಪಿ ಇಳಿಯುವುದಿಲ್ಲ, ಮಾಮೂಲಿ ಊಟ ಮಾಡಲಿ ಎಂದು ಸಿಸ್ಟರ್ ವಾಪಸ್ ಕಳಿಸಿದರು. ಪಕ್ಕದ ಮಂಚದಲ್ಲಿ ಹರಪನಹಳ್ಳಿ ಕಡೆಯ ಹುಡುಗಿ, ರಕ್ತದಲ್ಲಿ ಹಿಮೋಗ್ಲೋಬಿನ್ 6.5 ಗ್ರಾಂ. ಅವಳಿಗೆ ರಕ್ತ ಏರಿಸುತ್ತಿದ್ದರು. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ, ಅವಳಿಗೆ ಹೋಗಲು ರಕ್ತವೇ ಇಲ್ಲ ಎಂದು ನರ್ಸ್ ಅವಳ ಗಂಡನಿಗೆ ಬೈಯುವ ದನಿಯಲ್ಲಿ ತಿಳಿಸುತ್ತಿದ್ದರು. ಬೈಗುಳದಲ್ಲಿ ಕಾಳಜಿ ಇತ್ತು ಎಂದು ಈಗ ಅನ್ನಿಸುತ್ತದೆ. ಆಗ ಕೋಪ ಬಂದಿತ್ತು.

34 ವಾರ ತುಂಬಿದ ಮಾರನೆಯ ರಾತ್ರಿ ಎದೆಗೂಡಿನ ಕೆಳಗೆ ಹಿಂಡಿದ ನೋವು ಬಂತು. ಗ್ಯಾಸು ಎಂದು ಅವ್ವ ಓಮಿನ ಕಾಳು ಕೈಗೆ ಹಾಕಿದಳು. ನನಗೆ ಡಾಕ್ಟರಮ್ಮನ ಮೂರನೇ ಪ್ರಶ್ನೆ ನೆನಪಾಯಿತು. ಹಣೆ ಸಿಡಿಯುತ್ತಿತ್ತು. ಟ್ಯೂಬ್‌ಲೈಟಿನ ಸುತ್ತ ಚುಕ್ಕೆಗಳು ಕುಣಿಯುತ್ತಿದ್ದವು. ಸಿಸ್ಟರನ್ನು ಕರೆಸಿದೆ. 176/114.

ಅಲ್ಲಿಂದ ಮುಂದೆ ನನ್ನ ಸುತ್ತ ಜನ ಓಡಾಡತೊಡಗಿದರು. ಮೊದಲು ಮ್ಯಾಗ್ನೀಸಿಯಂ ಸಲ್ಫೇಟ್. ಅವರು ಮ್ಯಾಗ್‌ಸಲ್ಫ್ ಎನ್ನುತ್ತಾರೆ. ಫಿಟ್ಸ್ ಬರದಂತೆ ತಡೆಯುವ ಮದ್ದು. ನಾಳದಲ್ಲಿ ನಿಧಾನಕ್ಕೆ ಬಿಡುವಾಗ ಮೈಯೊಳಗೆಲ್ಲ ಕಾದ ನೀರು ಹರಿದ ಹಾಗಾಯಿತು, ಡಿಸೆಂಬರಿನ ಚಳಿಯಲ್ಲಿ ಬೆವರಿದೆ. ಆಮೇಲೆ ಸೊಂಟದ ಕೆಳಗೆ ಎರಡೂ ಕಡೆ ಒಂದೊಂದು ದಪ್ಪ ಇಂಜೆಕ್ಷನ್. ಅದರ ನೋವಿನ ಮುಂದೆ ಆಪರೇಷನ್ನಿನ ನೋವು ಏನೂ ಅಲ್ಲ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಈ ಮದ್ದು ಹೆಚ್ಚಾದರೆ ಉಸಿರನ್ನೇ ನಿಲ್ಲಿಸಬಲ್ಲದು. ಅದಕ್ಕೇ ಒಬ್ಬ ಹುಡುಗಿ ಪದೇಪದೇ ಬಂದು ಪುಟ್ಟ ಸುತ್ತಿಗೆಯಲ್ಲಿ ಮಂಡಿಗೆ ತಟ್ಟಿ ಕಾಲು ಎಗರುತ್ತದೋ ನೋಡುವಳು, ನಿಮಿಷಕ್ಕೆ ಉಸಿರೆಷ್ಟು ಎಣಿಸುವಳು, ಮೂತ್ರದ ಚೀಲದ ಗೀಟು ನೋಡಿ ಬರೆದುಕೊಳ್ಳುವಳು. ಹೆಚ್ಚಾಯಿತೆಂದರೆ ಕೊಡಲು ಕ್ಯಾಲ್ಸಿಯಂ ಗ್ಲುಕೊನೇಟ್ ಪಕ್ಕದಲ್ಲೇ ಇಟ್ಟಿದ್ದರು.

ಅಷ್ಟರಲ್ಲಿ ರಕ್ತದ ರಿಪೋರ್ಟ್ ಬಂತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು, ಲಿವರಿನ ಎಣಿಕೆ ಏರಿತ್ತು. ಇನ್ನು ಕಾಯುವಂತಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಿಪಿ ಇದೆ ಅಂದರೆ ಸಿಜೇರಿಯನ್ ಎಂದಲ್ಲ. ಡಾಕ್ಟರು ಮೊದಲು ನೋಡಿದ್ದು ನೋವು ಬರಿಸಿ ಸಹಜವಾಗಿ ಆಗುತ್ತದೋ ಎಂದೇ. ಗರ್ಭಕೋಶದ ಬಾಯಿ ಮೆತ್ತಗಾಗಲು ಜೆಲ್ ಇಟ್ಟರು. ನೋವು ಸಣ್ಣಗೆ ಶುರುವಾದದ್ದೇ ತಡ, ಯಂತ್ರದಲ್ಲಿ ಮಗುವಿನ ಎದೆಬಡಿತ ಪ್ರತಿ ನೋವಿಗೂ ಕುಸಿದು ಮೇಲೇಳಲು ತಡ ಮಾಡತೊಡಗಿತು. ಮೊದಲೇ ಸೊರಗಿದ ಮಗು, ನೋವಿನ ಒತ್ತಡ ತಡೆಯುವ ಶಕ್ತಿ ಇಲ್ಲ. ಆಗ ಸಿಜೇರಿಯನ್ ಎಂದರು.

ಒಪ್ಪಿಗೆ ಪತ್ರಕ್ಕೆ ನಮ್ಮವರು ಪೆನ್ನು ತೆಗೆದರು. ಡ್ಯೂಟಿ ಡಾಕ್ಟರು, ಚಿಕ್ಕ ವಯಸ್ಸಿನವರು, "ಸಾರ್, ಮೊದಲು ಅವರಿಗೆ ಹೇಳ್ತೀನಿ, ಅವರು ಸಹಿ ಹಾಕಲಿ. ಆಮೇಲೆ ನೀವು" ಎಂದು ನನ್ನ ಮಂಚದ ಪಕ್ಕ ನಿಂತು ಹೇಳಿದರು. ರಕ್ತಸ್ರಾವ ಆಗಬಹುದು, ರಕ್ತ ಏರಿಸಬೇಕಾಗಬಹುದು. ಗಾಯ ಅಥವಾ ಗರ್ಭಕೋಶಕ್ಕೆ ಸೋಂಕು ತಗುಲಬಹುದು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಮೇಲೆ ಕೂತು ಅಂಟಿಕೊಳ್ಳುವ ಸಂಭವ ಇದೆ, ನೋವಿನಲ್ಲಿ ಗಾಯ ಬಿಚ್ಚಿಕೊಳ್ಳುವ ಸಂಭವವೂ ಸ್ವಲ್ಪ ಇದೆ. ಮಗುವಿಗೆ ಶ್ವಾಸಕೋಶದ ನೀರು ಪೂರ್ತಿ ಹೋಗದೆ ಉಸಿರು ಜೋರಾಗಬಹುದು. "ಇದೆಲ್ಲ ನಿಜ. ಈಗ ಮಾಡದೇ ಇದ್ದರೆ ಏನಾಗಬಹುದು ಅನ್ನೋದು ಇದಕ್ಕಿಂತ ದೊಡ್ಡದು." ಡ್ರಿಪ್ಪು ಚುಚ್ಚಿದ ಕೈಯಲ್ಲೇ ಸಹಿ ಹಾಕಿದೆ, ಅಕ್ಷರ ಸೊಟ್ಟಗಾದವು. ಅವ್ವ ಬಾಗಿಲ ಹೊರಗೆ ಅಳುತ್ತಿದ್ದಳು. ಡಾಕ್ಟರು ಹೆದರಿಸಿದರು ಎಂದು ಅವಳಿಗೆ ಇವತ್ತಿಗೂ ಸಿಟ್ಟು. ನನಗೆ ಅದರ ಉಲ್ಟಾ. ಅಷ್ಟು ದಿನಗಳಲ್ಲಿ ಅವರೊಬ್ಬರೇ ಅಪಾಯವನ್ನು ನನ್ನ ಮುಂದೆ ಇಟ್ಟು, ನನ್ನನ್ನು ಕೇಳಿದ್ದು.

ಅಪ್ಪ ಮಾತ್ರ ಬೇರೆಯೇ ಕೆಲಸದಲ್ಲಿದ್ದರು. ಸ್ಟ್ರೆಚರಿನ ಪಕ್ಕ ನಡೆಯುತ್ತ, ಕನ್ನಡಕ ಏರಿಸಿ, ಡ್ರಿಪ್ ಬಾಟಲಿಯ ಚೀಟಿ ಓದುತ್ತಿದ್ದರು. ಕಂಪನಿಯ ಹೆಸರು, ಬ್ಯಾಚ್ ನಂಬರು. ವಾರ್ಡ್ ಬಾಯ್ ನಕ್ಕ. "ಆ ಕಂಪನೀದು ಈಗ ಯಾರೂ ಹಾಕಲ್ಲ ಯಜಮಾನ್ರೇ. ದಿನಾ ಎಲ್ಲಾರೂ ಓದ್ತಾರೆ."

ಥಿಯೇಟರಿನಲ್ಲಿ ಅರಿವಳಿಕೆ ಡಾಕ್ಟರು ಪ್ಲೇಟ್‌ಲೆಟ್ ಸಂಖ್ಯೆ ಮತ್ತೊಮ್ಮೆ ಕೇಳಿಕೊಂಡರು. ಅದು ತೀರಾ ಕಡಿಮೆ ಇದ್ದರೆ ಬೆನ್ನಿಗೆ ಚುಚ್ಚುವಂತಿಲ್ಲ, ಬೆನ್ನುಹುರಿಯ ಸುತ್ತ ರಕ್ತ ಕಟ್ಟುವ ಅಪಾಯ. ಬೆನ್ನು ಬಾಗಿಸಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ಕಾಲು ನನ್ನವಲ್ಲ ಎನ್ನಿಸಿತು. ನೋವಿಲ್ಲ, ಒಳಗೆ ಎಳೆದಾಡುವುದು ಗೊತ್ತಾಗುತ್ತದೆ. ಹಲ್ಲು ಕಟಕಟ ನಡುಗಿದವು. ಅಳು ಕೇಳಿಸಿತು, ಸಣ್ಣದು, ಆದರೆ ಅಳು. ಹೆಣ್ಣು, 1,780 ಗ್ರಾಂ ಎಂದರು. ಮುಖ ತೋರಿಸಿ ಒಯ್ದರು.

ಮಗಳು ಹೋದದ್ದು ನವಜಾತ ಶಿಶುಗಳ ಐಸಿಯುಗೆ. ಉಸಿರು ಜೋರಿದ್ದರಿಂದ ಮೂಗಿಗೆ ಗಾಳಿ ಒತ್ತುವ ಸಿಪ್ಯಾಪ್ ಹಾಕಿ, ಬೇಗ ತೆಗೆದರು. ಸಕ್ಕರೆ ಕಡಿಮೆಯಾಗದಂತೆ ಹಿಮ್ಮಡಿ ಚುಚ್ಚಿ ನೋಡುವರು. ಕಾಮಾಲೆಗೆ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. 24 ಗಂಟೆ ಮ್ಯಾಗ್‌ಸಲ್ಫ್ ಮುಗಿಯುವವರೆಗೂ ನಾನು ಎದ್ದು ಹೋಗುವಂತಿರಲಿಲ್ಲ. ನಮ್ಮವರು ಮೊಬೈಲಿನಲ್ಲಿ ಫೋಟೋ ತಂದು ತೋರಿಸುವರು. ಮೊದಲ ಹಾಲು ಹಳದಿ, ಅಂಟಂಟು, ಚಮಚಕ್ಕೂ ಸಾಲದಷ್ಟು. ಅಜ್ಜಿ ಅದನ್ನು ಹಿಂಡಿ ಚೆಲ್ಲಬೇಕು ಎನ್ನುವವಳು. ಐಸಿಯು ಸಿಸ್ಟರ್ ಪುಟ್ಟ ಬಟ್ಟಲು ಕೊಟ್ಟು, "ಒಂದು ಹನಿನೂ ಕೆಳಗೆ ಬೀಳಬಾರದು, ಇದೇ ಅವಳಿಗೆ ಮೊದಲ ಲಸಿಕೆ" ಎಂದು ಹಿಂಡುವುದನ್ನು ಕಲಿಸಿದರು. 34 ವಾರದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಬರುವುದಿಲ್ಲ. ಮೊದಲು ನಳಿಗೆಯಲ್ಲಿ, ಆಮೇಲೆ ಒಳಲೆಯಲ್ಲಿ, ಕೊನೆಗೆ ಎದೆಗೆ.

ತೂಕ ಮೊದಲು ಇಳಿಯಿತು. ಅದು ಎಲ್ಲ ಮಕ್ಕಳಿಗೂ ಇಳಿಯುತ್ತದೆ ಎಂದು ಎಷ್ಟು ಹೇಳಿದರೂ ನಮಗೆ ಸಮಾಧಾನವಿಲ್ಲ. ಆಗ ಶುರುವಾದದ್ದು ಎದೆಗವಚಿಕೊಳ್ಳುವ ಆರೈಕೆ, ಅವರು ಕೆಎಂಸಿ ಎನ್ನುತ್ತಾರೆ. ಮಗುವಿಗೆ ಟೋಪಿ, ಡಯಾಪರ್ ಬಿಟ್ಟು ಬೇರೆ ಬಟ್ಟೆ ಇಲ್ಲ. ಬರಿ ಎದೆಗೆ ಬರಿ ಎದೆ ತಾಗಿಸಿ, ಮೇಲೆ ಬಟ್ಟೆ ಕಟ್ಟಿ, ಗಂಟೆಗಟ್ಟಲೆ ಒರಗಿ ಕೂರುವುದು. ಇಷ್ಟು ಸಣ್ಣ ಮಗುವಿಗೆ ಮೈಯ ಶಾಖ ಹಿಡಿದಿಟ್ಟುಕೊಳ್ಳುವ ಕೊಬ್ಬು ಇರುವುದಿಲ್ಲ, ತಣ್ಣಗಾದರೆ ಸಕ್ಕರೆ ಇಳಿಯುತ್ತದೆ, ಉಸಿರು ನಿಲ್ಲುತ್ತದೆ. ಹೊಲಿಗೆಯ ನೋವಿಗೆ ನಾನು ತಡೆಯದಾದಾಗ ನಮ್ಮವರು ಅಂಗಿ ಬಿಚ್ಚಿ ಕೂತರು. ವಾರ್ಡಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅತ್ತೆಗೆ ನಾಚಿಕೆ. "ಗಂಡಸರು ಹಿಂಗೆ ಕೂರೋದುಂಟಾ?" ಮಾರನೆಯ ದಿನ ತೂಕದ ಮುಳ್ಳು ಮೇಲೆ ಹೋದದ್ದು ನೋಡಿ, ಅವರೇ ಮಗನಿಗೆ ದಿಂಬು ತಂದುಕೊಟ್ಟರು.

ನನ್ನ ಹೊಲಿಗೆಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮಾರನೆಯ ದಿನವೇ ಎಬ್ಬಿಸಿ ನಡೆಸಿದರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳುವುದು. ಗಾಯ ಒಣಗಿತು. ಎಲ್ಲ ಖರ್ಚೂ ಸರ್ಕಾರದ್ದೇ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ರಕ್ತ, ಮದ್ದು, ಕಾಯಿಲೆಬಿದ್ದ ನವಜಾತ ಶಿಶುವಿನ ಚಿಕಿತ್ಸೆ ಉಚಿತ ಎಂಬ ನಿಯಮ 2011ರಿಂದ ಇದೆ. ಸಣ್ಣಪುಟ್ಟ ಕೈಬಿಸಿ ಇದ್ದೇ ಇತ್ತು, ಅದನ್ನು ಇಲ್ಲಿ ಎತ್ತುವುದಿಲ್ಲ.

ಬಿಡುಗಡೆಯ ಚೀಟಿಯಲ್ಲಿ ಬಿಪಿ ಮಾತ್ರೆ ಮುಂದುವರಿಸಲು ಬರೆದಿದ್ದರು. ಹೊಲಿಗೆ ಬಗ್ಗೆ, ಮಗುವಿನ ಬಗ್ಗೆ ಎಲ್ಲರೂ ಕೂರಿಸಿಕೊಂಡು ಹೇಳಿದರು. ಹೆರಿಗೆ ಆದ ಮೇಲೂ ಬಿಪಿ ಏರಬಹುದು, ಮೂರರಿಂದ ಆರನೇ ದಿನದ ನಡುವೆ ಹೆಚ್ಚು ಏರುತ್ತದೆ, ಆರು ವಾರದವರೆಗೂ ಫಿಟ್ಸ್ ಬರುವ ಸಂಭವ ಇದೆ ಎಂದು ಆ ಗದ್ದಲದಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಾಸು ಹೊರಬಂದರೆ ವಾಸಿಯಾಗುತ್ತದೆ ಎಂದು ಮೊದಲು ಕೇಳಿದ್ದೆವಲ್ಲ, ನಮ್ಮ ಪಾಲಿಗೆ ಕಾಯಿಲೆ ಮುಗಿದಿತ್ತು.

ತವರಿನಲ್ಲಿ ಬಾಣಂತನ ಜೋರಾಗಿ ಶುರುವಾಯಿತು. ಕತ್ತಲು ಕೋಣೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮಂಚದ ಕೆಳಗೆ ಕೆಂಡ. ಅಳವಿ ಪಾಯಸ, ಅಂಟಿನುಂಡೆ, ಮೆಣಸಿನ ಸಾರು. ನೋಡಲು ಬಂದವರೆಲ್ಲ ಕೇಳುವುದು ಒಂದೇ: "ಹೊಲಿಗೆ ಹೆಂಗೈತೆ? ಕೀವು ಗೀವು ಆಗಿಲ್ಲಲ್ಲ?" ಒಬ್ಬಿಬ್ಬರು ಸೆರಗು ಸರಿಸಿ ನೋಡಿಯೂ ಹೋದರು. ಮಾತ್ರೆ ಮುಗಿಯುತ್ತ ಬಂತು. ಅಪ್ಪ ಮೆಡಿಕಲ್ ಶಾಪುಗಳನ್ನು ತಿರುಗಿದರು, ಲ್ಯಾಬಿಟಲಾಲ್ ಸಿಗಲಿಲ್ಲ. "ನಾಳೆ ತರಿಸಿಕೊಡ್ತೀನಿ" ಎಂದವನು ಮಾರನೆಯ ದಿನವೂ ನಾಳೆ ಎಂದ. ಮಾತ್ರೆಯ ಕಾವು ಹಾಲಿಗೆ ಇಳಿಯುತ್ತದೆ, ಬಿಟ್ಟದ್ದೇ ಒಳ್ಳೆಯದು ಎಂದು ದೊಡ್ಡಮ್ಮ.

ತಲೆನೋವು ಬಂತು. ಬಾಗಿಲು ತೆರೆದು ಗಾಳಿ ಹೊಕ್ಕಿದೆ ಎಂದು ಸ್ಕಾರ್ಫನ್ನು ಇನ್ನೂ ಬಿಗಿದರು. ಬೆನ್ನಿಗೆ ಚುಚ್ಚಿದ್ದರಿಂದ ಬಂದ ನೋವು ಎಂದು ನಮ್ಮವರು ಫೋನಿನಲ್ಲಿ ಹೇಳಿದರು, ಯಾರೋ ಅವರಿಗೆ ಹೇಳಿದ್ದರಂತೆ. ಆ ನೋವು ಎದ್ದು ಕೂತರೆ ಬಂದು, ಅಂಗಾತ ಮಲಗಿದರೆ ತಗ್ಗುತ್ತದೆ, ಚುಚ್ಚಿದ ಮೊದಲ ಕೆಲವು ದಿನಗಳಲ್ಲೇ ಬರುತ್ತದೆ. ನನ್ನದು ಮಲಗಿದರೂ ತಗ್ಗಲಿಲ್ಲ.

ಆಶಾ ಅಕ್ಕ ಮಗುವಿನ ತೂಕ ನೋಡಲು ಬಂದಿದ್ದರು. ಹೆರಿಗೆಯಾದ 42 ದಿನದೊಳಗೆ ಅವರು ಮತ್ತೆಮತ್ತೆ ಮನೆಗೆ ಬಂದು ತಾಯಿ–ಮಗುವನ್ನು ನೋಡಬೇಕೆಂಬ ನಿಯಮ ಇದೆ. ಮಗುವನ್ನು ಜೋಳಿಗೆಯಲ್ಲಿ ತೂಗಿ, ಕಾವು ನೋಡಿ, ಹೊರಡುವಾಗ ನನ್ನ ಮುಖ ನೋಡಿದರು. "ತಲೆನೋವು ಐತಾ? ಕಣ್ಣು ಮಂಜಾ?" ಮೂರನೆಯದನ್ನು ಅವರು ಕೇಳುವ ಮೊದಲೇ ನಾನು ಪಕ್ಕೆಲುಬಿನ ಕೆಳಗೆ ಕೈ ಇಟ್ಟುಕೊಂಡಿದ್ದೆ. ಬಾಣಂತಿಯನ್ನು ಬಾಗಿಲು ದಾಟಿಸುವುದು ಹೇಗೆ ಎಂದು ಅವ್ವ ಅಡ್ಡ ನಿಂತಳು. ಆಗ ಮಾತಾಡಿದವಳು ಅಜ್ಜಿ, ಮೊದಲ ಹಾಲು ಚೆಲ್ಲು ಎಂದಿದ್ದ ಅದೇ ಅಜ್ಜಿ. ಅವಳ ತಂಗಿ ಹೆರಿಗೆಯಾದ ವಾರದೊಳಗೆ ತಲೆನೋವು ತಲೆನೋವು ಎನ್ನುತ್ತಲೇ ಹಲ್ಲು ಕಚ್ಚಿ, ಕೈಕಾಲು ಸೆಟೆದು ಸತ್ತಳಂತೆ. ಬಾಣಂತಿ ಸನ್ನಿ ಎಂದು ಬೇವಿನ ಸೊಪ್ಪಿನಲ್ಲಿ ಬಡಿದಿದ್ದರಂತೆ. "ಕರ್ಕೊಂಡು ಹೋಗ್ರಿ. ಕೂಸು ನನ್ನ ಕೈಗೆ ಬ್ಯಾಡ, ಜೊತೀಗೇ ಒಯ್ರಿ, ಹಾಲು ಬೇಕಾಗ್ತದೆ."

ಸಬ್‌ಸೆಂಟರಿನ ಸಿಸ್ಟರ್ ನೋಡಿದಾಗ 168/112. ನಿಫೆಡಿಪಿನ್ ಮಾತ್ರೆ ನುಂಗಿಸಿ 108ಕ್ಕೆ ಫೋನ್ ಮಾಡಿದರು. ಗಾಡಿ ಬರಲು ತಡವಾಗಲಿಲ್ಲ. ಮಗಳು ನನ್ನ ಎದೆಗೆ ಕಟ್ಟಿದ ಬಟ್ಟೆಯಲ್ಲೇ ದಾವಣಗೆರೆಗೆ ಬಂದಳು. ಮತ್ತೆ ಮ್ಯಾಗ್‌ಸಲ್ಫ್, ಮತ್ತೆ ಸುತ್ತಿಗೆಯ ಹುಡುಗಿ. ಫಿಟ್ಸ್ ಬರಲಿಲ್ಲ. ಲ್ಯಾಬಿಟಲಾಲ್, ನಿಫೆಡಿಪಿನ್ ಎರಡೂ ಹಾಲುಣಿಸುವವರು ತೆಗೆದುಕೊಳ್ಳಬಹುದಾದ ಮಾತ್ರೆಗಳೇ, ಹಾಲಿಗೆ ಹೋಗುವುದು ತೀರಾ ಅಲ್ಪ ಎಂದು ಡಾಕ್ಟರು ಅವ್ವನನ್ನೂ ದೊಡ್ಡಮ್ಮನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಈ ಸಲ ಎಲ್ಲ ಕಡೆ ಸಿಗುವ ಮಾತ್ರೆಯನ್ನೇ ಬರೆದರು.

ಗರ್ಭಿಣಿ ಮನೆಯಲ್ಲಿದ್ದರೆ ಸಿಜೇರಿಯನ್ ಬೇಡ ಎಂದು ಹರಕೆ ಹೊರುವವರನ್ನು ನಾನು ಗೇಲಿ ಮಾಡುವುದಿಲ್ಲ. ಬೇಡದ ಆಪರೇಷನ್ ಬೇಡವೇ. ನನ್ನ ಲೆಕ್ಕದಲ್ಲಿ ಮಾತ್ರ ಅದು ನನ್ನನ್ನೂ ಮಗಳನ್ನೂ ಉಳಿಸಿದ್ದು. ನನ್ನನ್ನು ಎರಡು ಸಲ ಅಂಚಿಗೆ ಒಯ್ದದ್ದು ಬಿಪಿ, ಅದರಲ್ಲಿ ಒಂದು ಸಲ ಹೊಲಿಗೆ ಚೆನ್ನಾಗಿ ಒಣಗಿದ ಮೇಲೆ.

ಮಗಳು ಎರಡು ಕೆಜಿಗಿಂತ ಕಡಿಮೆ ಹುಟ್ಟಿದ್ದರಿಂದ 30 ದಿನದೊಳಗೆ ರೆಟಿನಾ ಪರೀಕ್ಷೆ ಮಾಡಿಸಲು ಹೇಳಿದ್ದರು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಯೇ ಹೋಗಬಹುದಂತೆ; ಹೊರಗಿನಿಂದ ಏನೂ ಕಾಣುವುದಿಲ್ಲ. ರೆಪ್ಪೆ ಬಿಡಿಸಿ ನೋಡುವಾಗ ಅವಳು ಕಿರುಚಿದ್ದು ನೋಡಲಾಗದೆ ನಮ್ಮವರು ಹೊರಗೆ ಹೋದರು. ಕಣ್ಣು ಸರಿ ಇದೆ.

ನನ್ನ ಮಾತ್ರೆ ಕಡಿಮೆ ಮಾಡುತ್ತ ಬಂದು ಯುಗಾದಿಯ ಹೊತ್ತಿಗೆ ನಿಂತಿತು. ಆಪರೇಷನ್ನಿನ ವಿವರ ಬರೆದ ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ. ಗರ್ಭಕೋಶವನ್ನು ಅಡ್ಡ ಕೊಯ್ದರೋ ಉದ್ದ ಕೊಯ್ದರೋ ಎಂಬುದರ ಮೇಲೆ ಮುಂದಿನದು ಸಹಜವಾಗಿ ಆಗಬಹುದೋ ಎಂದು ನಿರ್ಧರಿಸುತ್ತಾರೆ. ಎರಡು ವರ್ಷವಾದರೂ ಅಂತರ ಇರಲಿ, ಮತ್ತೆ ಬಸಿರು ನಿಂತರೆ ತಡಮಾಡದೆ ಬನ್ನಿ, 16 ವಾರಕ್ಕೆ ಮುಂಚೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರುಮಾಡಬೇಕು ಎಂದಿದ್ದಾರೆ. ಹೀಗೆ ಆದವರಿಗೆ ಮುಂದೆ ಬಿಪಿ, ಹೃದಯದ ತೊಂದರೆ ಬರುವ ಸಂಭವ ಹೆಚ್ಚು, ವರ್ಷಕ್ಕೊಮ್ಮೆಯಾದರೂ ನೋಡಿಸಿಕೊಳ್ಳಬೇಕು ಎಂದೂ ಹೇಳಿದರು. ಅದಕ್ಕೇ ಅಪ್ಪ ಮೆಕ್ಕೆಜೋಳದ ದುಡ್ಡಿನಲ್ಲಿ ಬಿಪಿ ನೋಡುವ ಮಿಷನ್ ತಂದರು. ಸರಿಯಾಗಿ ಕೆಲಸ ಮಾಡುತ್ತದೋ ಎಂದು ಮೊದಲು ತಮ್ಮ ತೋಳಿಗೇ ಸುತ್ತಿಕೊಂಡರು. 172/104 ತೋರಿಸಿತು. ಮಿಷನ್ ಕೆಟ್ಟದ್ದು ಎಂದು ಅಂಗಡಿಗೆ ವಾಪಸ್ ಒಯ್ಯಲು ಹೊರಟವರನ್ನು ಆಶಾ ಅಕ್ಕ ಬಸ್ ಸ್ಟಾಪಿನಲ್ಲೇ ಹಿಡಿದು, ಸಬ್‌ಸೆಂಟರಿಗೆ ಕರೆದುಕೊಂಡು ಹೋದರು. ಈಗ ಮನೆಯಲ್ಲಿ ಮಾತ್ರೆ ನುಂಗುತ್ತಿರುವವರು ಅಪ್ಪ.